ಯಂತ್ರದ ನಾಡಿ ಬಲ್ಲವರು

ಬೀದಿಯ ಮಗ್ಗುಲಲ್ಲಿ ನೆಲ ಅಗೆಯುವ ಯಂತ್ರವೊಂದು ಬಂದು ನಿಂತಿತೆಂದರೆ ಸಾಕು, ದಾರಿಹೋಕರು ಗಳಿಗೆ ಹೊತ್ತು ನಿಂತು ನೋಡುತ್ತಾರೆ. ಶಾಲೆಗೆ ಹೊರಟ ಮಕ್ಕಳಂತೂ ಅಲ್ಲಿಂದ ಕದಲುವುದೇ ಇಲ್ಲ. ಆನೆಯ ಸೊಂಡಿಲಿನಂತೆ ಬಾಗಿ ಮಣ್ಣನ್ನು ಬಾಚುವ ಆ ಉಕ್ಕಿನ ತೋಳಿನಲ್ಲಿ ಅಂಥದೊಂದು ಆಕರ್ಷಣೆಯಿದೆ. ಒಂದು ಕಂಪೆನಿಯ ಹೆಸರಾದ ‘ಜೆಸಿಬಿ’ ನಮ್ಮ ಆಡುಮಾತಿನಲ್ಲಿ ಆ ಜಾತಿಯ ಯಂತ್ರಗಳಿಗೆಲ್ಲ ಹೆಸರಾಗಿಬಿಟ್ಟಿರುವುದೇ ಇದಕ್ಕೆ ಸಾಕ್ಷಿ. ಆದರೆ ಯಂತ್ರ ಕೆಟ್ಟು ನಿಂತ ದಿನ ಅದರ ಸುತ್ತ ಜನವಿರುವುದಿಲ್ಲ. ಎಂಜಿನ್ನಿನ ಪಕ್ಕದಲ್ಲಿ ನಿಂತು, ಎಣ್ಣೆಯ ಅಳತೆಗೋಲನ್ನು ಎಳೆದು ಬೆಳಕಿಗೆ ಹಿಡಿದು ನೋಡುತ್ತಿರುವ ಹುಡುಗನ ಕಡೆಗೆ ಯಾರ ದೃಷ್ಟಿಯೂ ಹರಿಯುವುದಿಲ್ಲ.

ಈ ಲೇಖನ ಆ ಹುಡುಗನನ್ನು ಕುರಿತದ್ದು. ಎಸ್.ಎಸ್.ಎಲ್.ಸಿ. ಮುಗಿಸಿ, ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಸಬನ್ನು ಒಂದು ವರ್ಷ ಓದಿ, ಬಳಿಕ ಕಾರ್ಖಾನೆಗೋ ಗಣಿಗೋ ವರ್ಕ್‌ಷಾಪಿಗೋ ಅಪ್ರೆಂಟಿಸ್ ಆಗಿ ಸೇರುವವನು ಅವನು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಲಿಕೆಯ ಕಾಲದಲ್ಲಿ ಅವನಿಗೆ ಶಿಷ್ಯವೇತನ ಸಲ್ಲಬೇಕು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮಾತ್ರ ಇದಕ್ಕೆ ‘ಕೈ ಮಸಿ ಮಾಡಿಕೊಳ್ಳುವ ಕೆಲಸ’ ಎಂದೇ ಹೆಸರು. ಬೋಲ್ಟು ತಿರುಗಿಸುವ ತೋಳ್ಬಲವಿದ್ದರೆ ಸಾಕು, ತಲೆಗೆ ಅಲ್ಲಿ ಕೆಲಸವಿಲ್ಲ ಎಂದು ನಾವು ಭಾವಿಸುತ್ತೇವೆ. ನಿಜಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಹುಡುಗ ಕಲಿಯಬೇಕಾದ ಮೊದಲ ಪಾಠ, ಕೈಯನ್ನು ತಡೆದು ನಿಲ್ಲಿಸುವುದು. ಕಾರಣ ತಿಳಿಯದೆ ಯಾವುದನ್ನೂ ಬಿಚ್ಚಬಾರದು ಎಂಬುದೇ ಆ ವಿದ್ಯೆಯ ಓಂಕಾರ.

ಕಿಡಿಯಿಲ್ಲದ ಬೆಂಕಿ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹೊತ್ತಿಸಲು ವಿದ್ಯುತ್ತಿನ ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಗಾಳಿಯನ್ನು ಅದುಮಿದಷ್ಟೂ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ, ಗಾಳಿಯನ್ನು ಅದರ ಮೊದಲಿನ ಗಾತ್ರದ ಸುಮಾರು 15ರಿಂದ 20ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಕ್ಷಣದಲ್ಲಿ ಇಂಜೆಕ್ಟರಿನ ಸೂಕ್ಷ್ಮರಂಧ್ರಗಳಿಂದ ಡೀಸೆಲ್ ಎಣ್ಣೆ ಮಂಜಿನಂತೆ ಚಿಮ್ಮಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಈ ಯಂತ್ರದ ಜನಕ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ, ಜರ್ಮನ್ ತಂದೆತಾಯಿಗಳಿಗೆ ಹುಟ್ಟಿದವನು. ಜರ್ಮನಿಯ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ 1893ರಲ್ಲಿ ಅವನ ಮೊದಲ ಪ್ರಯೋಗ ನಡೆಯಿತು. ಎಂಜಿನ್ ಸಮರ್ಪಕವಾಗಿ ಓಡಿದ್ದು 1897ರಲ್ಲಿ. ನಡುವಣ ನಾಲ್ಕು ವರ್ಷಗಳು ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲಿಯೇ ಕಳೆದವು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದಲೇ ಓಡಿತೆಂಬುದು ಶೇಂಗಾ ಬೆಳೆಯುವ ನಾಡಿನವರಾದ ನಮಗೆ ಕುತೂಹಲದ ಸಂಗತಿ.

ಇಷ್ಟು ತಿಳಿದರೆ ಮುಂದಿನ ದಾರಿ ಸುಗಮ. ಡೀಸೆಲ್ ಎಂಜಿನ್ನಿಗೆ ಮುಖ್ಯವಾಗಿ ಬೇಕಾದುವು ಮೂರು: ಸಾಕಷ್ಟು ಶುದ್ಧವಾದ ಗಾಳಿ, ಶುದ್ಧವಾದ ಇಂಧನ, ಗಾಳಿಯನ್ನು ಅದುಮಲು ಸೋರಿಕೆಯಿಲ್ಲದ ಸಿಲಿಂಡರು. ಎಂಜಿನ್ ಬಡವಾದರೆ ಈ ಮೂರರಲ್ಲಿ ಯಾವುದು ಕಡಮೆಯಾಯಿತೆಂಬುದೇ ಮೊದಲ ಪ್ರಶ್ನೆ. ತಂಪು ಕಾಯುವ ನೀರು, ಸವೆತ ತಡೆಯುವ ಎಣ್ಣೆ, ಇವುಗಳ ವಿಚಾರ ಅನಂತರದ್ದು.

ದರ್ಶನ

ರೋಗಿಯನ್ನು ಪರೀಕ್ಷಿಸಲು ನಮ್ಮ ಆಯುರ್ವೇದ ಮೂರು ಮಾರ್ಗಗಳನ್ನು ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು. ಯಂತ್ರವೈದ್ಯನಿಗೂ ಇವೇ ಮಾರ್ಗಗಳು.

ನೋಡಬೇಕಾದುದರಲ್ಲಿ ಮೊದಲನೆಯದು ಹೊಗೆಯ ಬಣ್ಣ. ಕಪ್ಪು ಹೊಗೆ ಬಂದರೆ, ಇರುವ ಗಾಳಿಗೆ ಇಂಧನ ಹೆಚ್ಚಾಯಿತೆಂದು ಅರ್ಥ. ಗಾಳಿಯ ಫಿಲ್ಟರ್ ಕಟ್ಟಿರಬಹುದು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಸೋತಿರಬಹುದು, ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ನೀಲಿ ಹೊಗೆಯಾದರೆ ಸವೆತ ತಡೆಯುವ ಎಣ್ಣೆಯೇ ಉರಿಯುತ್ತಿದೆ. ಪಿಸ್ಟನ್ನಿನ ಉಂಗುರಗಳೋ ವಾಲ್ವಿನ ಗೈಡುಗಳೋ ಟರ್ಬೋದ ಸೀಲೋ ಸವೆದಿರಬೇಕು. ಬಿಳಿಯ ಹೊಗೆ ಚಳಿಯ ಮುಂಜಾನೆ ಕೆಲವು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ, ಅದು ಉರಿಯದ ಇಂಧನದ ಆವಿ. ಎಂಜಿನ್ ಕಾದ ಮೇಲೂ ಬಿಡದೆ ಬಂದರೆ, ತಂಪಿನ ನೀರು ಸಿಲಿಂಡರಿನೊಳಗೆ ನುಸುಳುತ್ತಿದೆಯೇ ಎಂದು ನೋಡಬೇಕಾಗುತ್ತದೆ.

ಎರಡನೆಯದು ಎಣ್ಣೆ. ಅಳತೆಗೋಲಿನ ಮೇಲೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಎಣ್ಣೆಯ ಮಟ್ಟ ಇಳಿಯುವುದರ ಬದಲು ಏರಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಇಂಧನ ಕೆಳಕ್ಕೆ ಇಳಿಯುತ್ತಿದೆ. ದೊಡ್ಡ ಗಣಿಗಳಲ್ಲಿ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಪದ್ಧತಿಯಿದೆ. ಅದು ನಮ್ಮ ರಕ್ತಪರೀಕ್ಷೆಯಿದ್ದಂತೆ. ಸಿಲಿಕಾನ್ ಹೆಚ್ಚಿದ್ದರೆ ಸಾಮಾನ್ಯವಾಗಿ ಧೂಳು ಒಳಹೊಕ್ಕಿದೆಯೆಂದೂ, ಕಬ್ಬಿಣವೋ ತಾಮ್ರವೋ ಹೆಚ್ಚಿದ್ದರೆ ಒಳಗಿನ ಯಾವುದೋ ಭಾಗ ಸವೆಯುತ್ತಿದೆಯೆಂದೂ ಊಹಿಸುತ್ತಾರೆ.

ಸ್ಪರ್ಶನ

ಮುಟ್ಟುವ ವಿಚಾರದಲ್ಲಿ ಮಾತ್ರ ಯಂತ್ರ ಮನುಷ್ಯನಂತಲ್ಲ. ಎಲ್ಲಿ ಮುಟ್ಟಬಾರದೆಂಬುದನ್ನು ಮೊದಲು ಕಲಿಯಬೇಕು.

ಅಗೆಯುವ ಯಂತ್ರದ ತೋಳನ್ನು ಎತ್ತಿ ಇಳಿಸುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ದೊಡ್ಡ ಯಂತ್ರಗಳಲ್ಲಿ ಈ ಒತ್ತಡ ಕಾರಿನ ಚಕ್ರದ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಇಂದಿನ ಎಂಜಿನ್ನುಗಳ ಇಂಧನದ ಕೊಳವೆಯಲ್ಲಂತೂ ಅದಕ್ಕಿಂತ ಎಷ್ಟೋ ಮಿಗಿಲಾದ ಒತ್ತಡವಿರುತ್ತದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಅಲ್ಲಿಂದ ಹೊಮ್ಮುವ ಎಣ್ಣೆ ಕಣ್ಣಿಗೆ ಕಾಣಲಿಕ್ಕಿಲ್ಲ. ಎಲ್ಲಿ ಸೋರುತ್ತಿದೆಯೆಂದು ಹುಡುಗ ಬೆರಳಾಡಿಸಿದನೋ, ಎಣ್ಣೆ ಚರ್ಮವನ್ನು ಭೇದಿಸಿ ಒಳಕ್ಕೆ ಹೋಗುತ್ತದೆ. ಮೇಲೆ ಮುಳ್ಳು ಚುಚ್ಚಿದಷ್ಟೇ ಗಾಯ, ಮೊದಮೊದಲು ನೋವೂ ಹೆಚ್ಚಿಲ್ಲ. ಅರಿಸಿನ ಹಚ್ಚಿ ಸುಮ್ಮನಾದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸಕರ ಬಳಿಗೆ ಒಯ್ಯಬೇಕಾದ ಗಾಯ ಅದು. ಆದುದರಿಂದ ಸೋರಿಕೆಯನ್ನು ಹುಡುಕಲು ದೂರದಿಂದ ರಟ್ಟಿನ ತುಂಡನ್ನು ಹಿಡಿಯಬೇಕೇ ಹೊರತು ಕೈಯನ್ನಲ್ಲ.

ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎತ್ತಿದ ಬಕೆಟ್ಟಿನ ಕೆಳಗೆ ತಲೆ ಇಡಬಾರದು, ಮೊದಲು ಅದನ್ನು ನೆಲಕ್ಕೆ ಇಳಿಸಬೇಕು. ಎಂಜಿನ್ ನಿಲ್ಲಿಸಿ, ಬೀಗದಕೈಯನ್ನು ತೆಗೆದು ತನ್ನ ಜೇಬಿನಲ್ಲಿಟ್ಟುಕೊಂಡು, ‘ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ’ ಎಂಬ ಫಲಕ ತೂಗಿಸಿದ ಬಳಿಕವೇ ಒಳಗೆ ಕೈ ಹಾಕಬೇಕು. ಇವೆಲ್ಲ ಹೇಳಲು ಸಣ್ಣ ಮಾತುಗಳು. ಸಂಜೆ ಹುಡುಗ ಇಡಿಯಾಗಿ ಮನೆ ಸೇರುವುದು ಇವುಗಳನ್ನೇ ಅವಲಂಬಿಸಿದೆ.

ಪ್ರಶ್ನ

ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು: ಕಿವಿಗೊಡುವುದು, ಪ್ರಶ್ನಿಸುವುದು. ಈ ಕಸಬಿನಲ್ಲಿ ಎರಡೂ ಬೇಕು. ಯಂತ್ರದ ಸದ್ದಿಗೆ ಕಿವಿಗೊಡಬೇಕು. ಯಂತ್ರ ನಡೆಸುವ ಆಪರೇಟರನ್ನು ಪ್ರಶ್ನಿಸಬೇಕು. ದಿನಕ್ಕೆ ಎಂಟು ಹತ್ತು ಗಂಟೆ ಅದರ ಮೇಲೆ ಕುಳಿತವನಿಗೆ ತಿಳಿದಷ್ಟು ಅದರ ಸ್ವಭಾವ ಬೇರಾರಿಗೂ ತಿಳಿಯದು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಸಂಡೂರಿನ ಕಡೆಯ ಕಬ್ಬಿಣದ ಅದಿರಿನ ಗಣಿ. ಎತ್ತ ನೋಡಿದರೂ ಕೆಂಧೂಳು. ಬುಲ್ಡೋಜರೊಂದು ಏರಿನಲ್ಲಿ ಎಳೆಯಲಾರದೆ ಕಪ್ಪು ಹೊಗೆ ಕಾರುತ್ತಿದೆ. ಹಿರಿಯ ಮೇಸ್ತ್ರಿ ಅಪ್ರೆಂಟಿಸ್ ಹುಡುಗನನ್ನು ಕೇಳುತ್ತಾನೆ:

“ಏನು ತಮ್ಮಾ, ಏನು ಕಂಡಿತು?”

“ಕರೀ ಹೊಗೆ ಅಣ್ಣಾ. ಇಂಜೆಕ್ಟರ್ ಹೋಗಿರಬೇಕು. ಬಿಚ್ಚಲೇನು?”

“ಬಿಚ್ಚೋದು ಆಮೇಲೆ. ಆಪರೇಟರನ್ನ ಕೇಳಿದೆಯಾ?”

ಕೇಳಿದಾಗ ಮೂರು ಸಂಗತಿಗಳು ಹೊರಬಿದ್ದವು. ತೊಂದರೆ ನಿನ್ನೆ ಮಧ್ಯಾಹ್ನ ಥಟ್ಟನೆ ಆರಂಭವಾದದ್ದು. ಭಾರವಿಲ್ಲದಾಗ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಭಾರ ಬಿದ್ದೊಡನೆ ಎಲ್ಲಿಯೋ ಸೀಟಿ ಊದಿದಂತೆ ಸದ್ದು ಬರುತ್ತದೆ. ಧೂಳಿನ ಊರು, ಗಾಳಿಯ ಫಿಲ್ಟರ್ ಕಟ್ಟಿರಬಹುದೆಂದು ನೋಡಿದರೆ, ಅದರ ಸೂಚಕ ಸರಿಯಾಗಿಯೇ ಇದೆ. ಆಗ ಮೇಸ್ತ್ರಿ ಟರ್ಬೋದಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯನ್ನು ತೋರಿಸುತ್ತಾನೆ. ಅದರ ಕ್ಲಾಂಪು ಸಡಿಲವಾಗಿದೆ. ಸಂದಿನ ಸುತ್ತ ಎಣ್ಣೆಯ ಪಸೆಗೆ ಕೆಂಧೂಳು ಮೆತ್ತಿಕೊಂಡಿದೆ. ಭಾರ ಬಿದ್ದಾಗ ಗಾಳಿ ಅಲ್ಲಿಂದಲೇ ಸೀಟಿಯೂದಿಕೊಂಡು ಹೊರಕ್ಕೆ ಹೋಗುತ್ತಿದೆ. ಎಂಜಿನ್ನಿಗೆ ಗಾಳಿ ಸಾಲದೆ ಕಪ್ಪು ಹೊಗೆ.

ಕಾಲು ಗಂಟೆಯ ಕೆಲಸ. ಇಂಜೆಕ್ಟರುಗಳನ್ನೇ ಬಿಚ್ಚಿದ್ದರೆ ಒಂದು ದಿನವೆಲ್ಲ ಹಾಳಾಗುತ್ತಿತ್ತು. ಆ ಧೂಳಿನಲ್ಲಿ ತೆರೆದ ಇಂಧನದ ಕೊಳವೆಗಳೊಳಗೆ ಕಸ ಸೇರಿ, ಇಲ್ಲದ ರೋಗವೂ ಹತ್ತುತ್ತಿತ್ತು. ಆದರೆ ಮೇಸ್ತ್ರಿ ಇಷ್ಟಕ್ಕೇ ಬಿಡುವುದಿಲ್ಲ. “ಕ್ಲಾಂಪು ಯಾಕೆ ಸಡಿಲಾಯಿತು, ನೋಡಿದೆಯಾ?” ಎನ್ನುತ್ತಾನೆ. ಹುಡುಗ ಬಗ್ಗಿ ನೋಡಿದರೆ ಕೊಳವೆಯನ್ನು ಹಿಡಿದ ಪಟ್ಟಿ ಮುರಿದಿದೆ. ಕೊಳವೆ ಅಲುಗಾಡಿ ಅಲುಗಾಡಿ ಕ್ಲಾಂಪನ್ನು ಸಡಿಲಿಸಿದೆ. ಪಟ್ಟಿಯನ್ನು ಸರಿಪಡಿಸದಿದ್ದರೆ ವಾರದೊಳಗೆ ಅದೇ ಯಂತ್ರ ಅದೇ ಏರಿನಲ್ಲಿ ನಿಲ್ಲುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ

ಇಂದಿನ ಭಾರಿ ಯಂತ್ರಗಳಲ್ಲಿ ಕಂಪ್ಯೂಟರ್ ಕುಳಿತಿದೆ. 2021ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ನಿರ್ಮಾಣ ಯಂತ್ರಗಳ ಹೊಗೆಯ ನಿಯಮ ಬಿಗಿಯಾದ ಮೇಲಂತೂ ಸೆನ್ಸರುಗಳ ಸಂಖ್ಯೆ ಬೆಳೆದಿದೆ. ದೋಷ ಕಂಡೊಡನೆ ಪರದೆಯ ಮೇಲೆ ಒಂದು ಸಂಕೇತ ಮೂಡುತ್ತದೆ. ಹಾಗಾದರೆ ಕಣ್ಣು ಕಿವಿಗಳ ಈ ವಿದ್ಯೆ ಇನ್ನೇಕೆ ಎಂದು ಕೇಳುವವರುಂಟು.

ಮೇಲಿನ ಬುಲ್ಡೋಜರಿನಲ್ಲಿ ಕಂಪ್ಯೂಟರ್ ಇದ್ದಿದ್ದರೆ ‘ಗಾಳಿಯ ಒತ್ತಡ ಕಡಮೆ’ ಎಂಬ ಸಂಕೇತ ಕೊಡುತ್ತಿತ್ತು. ಪಟ್ಟಿ ಮುರಿದಿದೆಯೆಂದು ಹೇಳುತ್ತಿರಲಿಲ್ಲ. ಜ್ವರಮಾಪಕ ಜ್ವರವಿದೆಯೆಂದು ಹೇಳುತ್ತದೆ, ಏಕೆ ಬಂತೆಂದು ಹೇಳುವುದು ವೈದ್ಯನ ಪಾಲಿನದು. ಸಂಕೇತ ಕಂಡೊಡನೆ ಸೆನ್ಸರನ್ನು ಬದಲಾಯಿಸುವ ಹುಡುಗನೂ, ಕಪ್ಪು ಹೊಗೆ ಕಂಡೊಡನೆ ಇಂಜೆಕ್ಟರ್ ಬಿಚ್ಚುವ ಹುಡುಗನೂ ಒಂದೇ ಆತುರಕ್ಕೆ ಸಿಕ್ಕಿದವರು.

ಕೆಡದಂತೆ ಕಾಯುವುದು

ಒಳ್ಳೆಯ ವೈದ್ಯನಂತೆ ಒಳ್ಳೆಯ ಮೇಸ್ತ್ರಿಯೂ ರೋಗ ಬಾರದಂತೆ ನೋಡಿಕೊಳ್ಳುವುದನ್ನೇ ಹೆಚ್ಚೆಂದು ಎಣಿಸುತ್ತಾನೆ. ಮುಂಜಾನೆ ಎಂಜಿನ್ ಚಾಲೂ ಮಾಡುವ ಮೊದಲು ಯಂತ್ರಕ್ಕೊಂದು ಪ್ರದಕ್ಷಿಣೆ ಬರುವುದು ಅಪ್ರೆಂಟಿಸನ ನಿತ್ಯವಿಧಿ. ಎಣ್ಣೆ, ತಂಪಿನ ನೀರು, ಬೆಲ್ಟು, ನೆಲದ ಮೇಲೆ ಬಿದ್ದ ಹನಿ, ಸಡಿಲವಾದ ಬೋಲ್ಟು, ಗ್ರೀಸ್ ಬೇಡುವ ಕೀಲು, ಇವೆಲ್ಲವನ್ನೂ ಕಂಡು, ಡೀಸೆಲ್ಲಿನಿಂದ ನೀರನ್ನು ಬೇರ್ಪಡಿಸುವ ಬಟ್ಟಲನ್ನು ಬಸಿಯಬೇಕು. ಸಂಜೆ ಇಂಧನದ ಟ್ಯಾಂಕನ್ನು ತುಂಬಿಸಿಡಬೇಕು. ಖಾಲಿ ಬಿಟ್ಟರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಗಟ್ಟಿ ಡೀಸೆಲ್ಲಿಗೆ ನೀರು ಸೇರುತ್ತದೆ. ಭಾರ ಎಳೆದು ಬಂದ ಎಂಜಿನ್ನನ್ನು ತಟ್ಟನೆ ನಿಲ್ಲಿಸದೆ ಮೂರು ನಾಲ್ಕು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಬೇಕು. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಟರ್ಬೋಗೆ ಎಣ್ಣೆಯ ಆಸರೆ ಒಮ್ಮೆಗೇ ತಪ್ಪಬಾರದು.

ಕಾರಿಗೆ ಕಿಲೋಮೀಟರಿನ ಲೆಕ್ಕವಾದರೆ ಈ ಯಂತ್ರಗಳಿಗೆ ಗಂಟೆಯ ಲೆಕ್ಕ. ಸಾಮಾನ್ಯವಾಗಿ 250, 500, 1000, 2000 ಗಂಟೆಗಳಿಗೊಮ್ಮೆ ಮಾಡಬೇಕಾದ ಕೆಲಸಗಳನ್ನು ತಯಾರಕರು ಪುಸ್ತಕದಲ್ಲಿ ಬರೆದಿರುತ್ತಾರೆ. ಯಂತ್ರದಿಂದ ಯಂತ್ರಕ್ಕೆ ಇದು ಬೇರೆಯಾಗುವುದರಿಂದ ಆ ಪುಸ್ತಕವೇ ಪ್ರಮಾಣ. ಮಾಡಿದ್ದನ್ನು ದಿನಾಂಕದೊಡನೆ ಬರೆದಿಡುವುದೂ ಹುಡುಗನ ಕೆಲಸವೇ. ಮುಂದಿನವನು ರೋಗದ ಚರಿತ್ರೆಯನ್ನು ಓದುವುದು ಅಲ್ಲಿಂದ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಗಳು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಮೈಸೂರಿನಲ್ಲಿಯೂ ಇವೆ. ಬುಲ್ಡೋಜರುಗಳೂ ಗಣಿಯ ಡಂಪರುಗಳೂ ಅಲ್ಲಿ ತಯಾರಾಗುತ್ತವೆ. ಗಂಗಾವತಿ, ಸಿಂಧನೂರುಗಳ ಬಯಲಿನಲ್ಲಿ ಬತ್ತ ಕೊಯ್ಯುವ ಯಂತ್ರಗಳೂ, ಊರೂರು ಅಲೆಯುವ ಕೊಳವೆಬಾವಿಯ ಲಾರಿಗಳೂ ಡೀಸೆಲ್ಲಿನಿಂದಲೇ ನಡೆಯುವಂಥವು. ಕೊಯ್ಲಿನ ಕಾಲದಲ್ಲಿ ಮೋಡ ಕವಿದ ಮಧ್ಯಾಹ್ನ ಯಂತ್ರ ನಿಂತರೆ, ರೈತನ ವರ್ಷದ ಅನ್ನ ಗದ್ದೆಯಲ್ಲಿ ನೆನೆಯುತ್ತದೆ. ಆಗ ಅವನು ಕಾಯುವುದು ಕಾರಣವನ್ನು ಬೇಗ, ಸರಿಯಾಗಿ ಕಂಡುಹಿಡಿಯಬಲ್ಲ ಒಬ್ಬ ಹುಡುಗನಿಗಾಗಿ.

ನಿಮ್ಮ ಮನೆಯ ಮಗನೋ ಮಗಳೋ ಪುಸ್ತಕಕ್ಕಿಂತ ಯಂತ್ರದ ಕಡೆಗೆ ಒಲವು ತೋರಿದರೆ, ‘ಮಾರ್ಕು ಬಾರದವರ ಪಾಡು’ ಎಂದು ಮೂಗು ಮುರಿಯದಿರಿ. ನೋಡಿ, ಮುಟ್ಟಿ, ಕೇಳಿ, ಕಾರಣ ತಿಳಿದ ಮೇಲೆಯೇ ಕೈ ಹಾಕುವ ಶಿಸ್ತು ಎಲ್ಲ ವಿದ್ಯೆಗಳಿಗೂ ಬೇಕಾದುದು. ಅದನ್ನು ದಿನವೂ ಕೈಯಾರೆ ಕಲಿಸುವ ಪಾಠಶಾಲೆಗಳು ಹೆಚ್ಚಿಲ್ಲ. ಮಸಿ ಹಿಡಿದ ಈ ವರ್ಕ್‌ಷಾಪು ಅವುಗಳಲ್ಲಿ ಒಂದು.