ಕೊಲ್ಲೂರು ಅರಿಶಿನಗುಂಡಿ: ಜಲಪಾತದ ಬಳಿ ಮಳೆ ಇಲ್ಲದಿದ್ದರೂ ನೀರು ಏರುವುದೇಕೆ? ದಾರಿ ಕೇಳಿದವರಿಗೆ ಏನು ಹೇಳಬೇಕು?

ಬೈಂದೂರು: ಮಳೆಗಾಲ ಶುರುವಾದ್ರೆ ಸಾಕು, ಶನಿವಾರ–ಭಾನುವಾರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರ ಜಿಲ್ಲೆಗಳ ಕಾರು, ಬೈಕುಗಳ ಸಾಲು. ಮರವಂತೆಯಲ್ಲಿ ಇಳಿದು ಫೋಟೋ, ಒಂದು ಚಾ, ಆಮೇಲೆ ಕೊಲ್ಲೂರು. ಕೆಲವರು ಹೆಮ್ಮಾಡಿ–ವಂಡ್ಸೆ ಮೇಲೆ ಹೋಗ್ತಾರೆ, ಕೆಲವರು ಬೈಂದೂರಿನಿಂದ. ದಾರಿಯ ಅಂಗಡಿ, ಹೋಟೆಲ್‌ಗಳಲ್ಲಿ ಅವರು ಕೇಳುವ ಪ್ರಶ್ನೆ: ‘ಅಣ್ಣಾ, ಅರಿಶಿನಗುಂಡಿ ಫಾಲ್ಸ್‌ಗೆ ಹೇಗೆ ಹೋಗೋದು?’

ಈ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರ ಒಂದು ಜೀವ ಉಳಿಸಬಹುದು. 2023ರ ಜುಲೈನಲ್ಲಿ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ವಿಡಿಯೋ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ನೀರಿಗೆ ಬಿದ್ದಿದ್ದ. ಶವ ಸಿಗಲು ಸುಮಾರು ಒಂದು ವಾರ ಬೇಕಾಯಿತು. ಆ ವಿಡಿಯೋ ನೋಡದವರು ಕಡಿಮೆ. ಆದರೂ ಮಳೆಗಾಲದಲ್ಲಿ ದಾರಿ ಕೇಳುವವರು ಇದ್ದೇ ಇದ್ದಾರೆ.

ಮರವಂತೆಯ ನೀರಿಗೂ ಕೊಡಚಾದ್ರಿಗೂ ನಂಟು

ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ಹೊಳೆ. ಸಮುದ್ರದ ಪಕ್ಕಕ್ಕೇ ಬಂದ ಹೊಳೆ ಅಲ್ಲಿ ಸೇರದೆ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಬಳಿ ಕಡಲು ಸೇರುತ್ತದೆ. ಇದೇ ಸೌಪರ್ಣಿಕಾ ಹುಟ್ಟುವುದು ಕೊಡಚಾದ್ರಿಯ ಕಡೆಯ ಘಟ್ಟದಲ್ಲಿ. ಅರಿಶಿನಗುಂಡಿಯಲ್ಲಿ ಧುಮುಕುವ ನೀರೂ ಕೊನೆಗೆ ಈ ಹೊಳೆಯ ಪಾಲು. ಬಿಸಿಲು ಬಿದ್ದಾಗ ನೀರು ಅರಿಶಿನ ಬಣ್ಣಕ್ಕೆ ಹೊಳೆಯುತ್ತದೆ, ಅದಕ್ಕೇ ಆ ಹೆಸರು ಎಂಬ ಮಾತಿದೆ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಸಮುದ್ರದಿಂದ ನೇರ ಲೆಕ್ಕದಲ್ಲಿ 30 ಕಿ.ಮೀ. ಆಸುಪಾಸಿನಲ್ಲೇ ಇಷ್ಟು ಎತ್ತರದ ಗೋಡೆ ಎದ್ದು ನಿಂತಿದೆ. ಕಡಲಿನಿಂದ ಬರುವ ತೇವದ ಗಾಳಿ ಈ ಗೋಡೆಗೆ ತಾಗಿ ಮೇಲೇರುತ್ತದೆ, ತಂಪಾಗುತ್ತದೆ, ಮಳೆಯಾಗಿ ಸುರಿಯುತ್ತದೆ. ಇದೇ ಘಟ್ಟದ ಸಾಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿ.ಮೀ.ಗೂ ಹೆಚ್ಚು ಮಳೆ. ಹಾಗಾಗಿ ಮರವಂತೆಯಲ್ಲಿ ಬಿಸಿಲು ಇದೆ, ಕೊಲ್ಲೂರು ಪೇಟೆಯಲ್ಲಿ ಮೋಡ ಮಾತ್ರ ಇದೆ ಎಂದಾದರೆ ಗುಡ್ಡದ ತುದಿಯಲ್ಲೂ ಮಳೆ ಇಲ್ಲ ಎಂದು ಅರ್ಥವಲ್ಲ.

ನೀರು ಒಮ್ಮೆಲೇ ಬರುವುದು ಹೇಗೆ?

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಜಲಪಾತದ ಮೇಲ್ಭಾಗದ ಬರೀ ಒಂದು ಚದರ ಕಿ.ಮೀ. ಕಾಡಿನಲ್ಲಿ 50 ಮಿ.ಮೀ. ಮಳೆ ಸುರಿದರೆ 5 ಕೋಟಿ ಲೀಟರ್. 10 ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 5 ಸಾವಿರ ಟ್ಯಾಂಕರ್ ನೀರು. ಅದರಲ್ಲಿ ಅರ್ಧ ಮಾತ್ರ ಹರಿದು ಬಂದರೂ 2,500 ಟ್ಯಾಂಕರ್. ಅಷ್ಟೂ ನೀರಿಗೆ ಇಳಿಯಲು ಇರುವುದು ಒಂದು ಇಕ್ಕಟ್ಟಾದ ಬಂಡೆಯ ಕಣಿವೆ.

ಕಾಡಿನ ನೆಲ ನೀರು ಹೀರಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಹೀರುತ್ತದೆ. ಮಳೆಗಾಲದ ಮೊದಲ ವಾರಗಳಲ್ಲಿ ಒಣಗಿದ ಮಣ್ಣು, ತರಗೆಲೆಯ ಹಾಸು ಸಾಕಷ್ಟು ನೀರು ಕುಡಿಯುತ್ತವೆ. ಜುಲೈ, ಆಗಸ್ಟ್ ಹೊತ್ತಿಗೆ ನೆಲ ತುಂಬಿ ಹೋಗಿರುತ್ತದೆ. ಆಮೇಲೆ ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ನೇರ ತೋಡಿಗೆ ಇಳಿಯುತ್ತದೆ. ಘಟ್ಟ ಕಡಿದಾಗಿರುವುದರಿಂದ ನೀರು ಕೆಳಗೆ ತಲುಪಲು ಬಹಳ ಹೊತ್ತು ಬೇಡ. ಕೆಳಗೆ ಫೋಟೋ ತೆಗೆಯುತ್ತಿರುವವರಿಗೆ ಹನಿ ಮಳೆ ತಾಗದೆಯೂ ಹೊಳೆ ಏರಬಹುದು.

ಈಜು ಬಂದರೂ ಪ್ರಯೋಜನ ಕಡಿಮೆ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಹೊಡೆಯುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಮಟ್ಟದ ನೀರೇ ಗಟ್ಟಿಮುಟ್ಟಾದವರನ್ನೂ ಕೆಡವಬಲ್ಲದು. ಅದರ ಮೇಲೆ ಬಂಡೆಗಳ ಪಾಚಿ. ದೂರದಿಂದ ಬರೀ ಒದ್ದೆ ಕಲ್ಲಿನ ಹಾಗೆ ಕಾಣುತ್ತದೆ, ಕಾಲಿಟ್ಟಾಗಲೇ ಗೊತ್ತಾಗುವುದು. ನುಣುಪು ಅಡಿಯ ಚಪ್ಪಲಿ ಹಾಕಿ ಬಂದವರಿಗೆ ಹಿಡಿತ ಇನ್ನೂ ಕಡಿಮೆ.

ನಿರ್ಬಂಧ ಯಾಕೆ?

ಅರಿಶಿನಗುಂಡಿ ಇರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಹೋಗಲು ಅನುಮತಿ ಬೇಕು. ಮಳೆಗಾಲದಲ್ಲಿ ಅರಣ್ಯ ಇಲಾಖೆ ಇಂಥ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸುತ್ತದೆ. ಜಲಪಾತಕ್ಕೆ ಕಾಡುದಾರಿಯಲ್ಲಿ ನಡೆದೇ ಹೋಗಬೇಕು. ಏನಾದರೂ ಆದರೆ ಗಾಯಾಳುವನ್ನು ಹೊತ್ತೇ ತರಬೇಕು, ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಮೊಬೈಲ್ ಮ್ಯಾಪ್‌ಗೆ ಇದ್ಯಾವುದೂ ಗೊತ್ತಿಲ್ಲ. ಹೆಸರು ಹಾಕಿದ್ರೆ ಜನವರಿಯಲ್ಲೂ ಜುಲೈಯಲ್ಲೂ ಅದೇ ದಾರಿ ತೋರಿಸ್ತದೆ. ಎಷ್ಟೋ ಜನ ಎಚ್ಚರಿಕೆ ಬೋರ್ಡು ಓದುವುದೂ ಇಲ್ಲ. ಚಾ ಕೊಡುತ್ತಾ ಊರಿನವರೊಬ್ಬರು ‘ಈಗ ಹೋಗುದು ಬೇಡ ಮಾರಾಯ್ರೆ, ಮೇಲೆ ಮಳೆ ಉಂಟು’ ಎಂದರೆ ಕೇಳುವವರು ಇದ್ದಾರೆ.

ಅಂಗಡಿಯವರು ಏನು ಹೇಳಬಹುದು?

ಜಲಪಾತ ಮುಚ್ಚಿದೆ ಎಂದರೆ ಗಿರಾಕಿ ಹಿಂದೆ ಹೋಗ್ತಾರೆ, ವ್ಯಾಪಾರ ಹೋಗ್ತದೆ ಎಂಬ ಆತಂಕ ಸಹಜ. ವರ್ಷದ ಈ ನಾಲ್ಕು ತಿಂಗಳಲ್ಲಿ ವಾರಾಂತ್ಯದ ಪ್ರವಾಸಿಗರನ್ನೇ ನಂಬಿಕೊಂಡ ಸಣ್ಣ ಅಂಗಡಿಗಳೂ ಇವೆ. ಆದರೆ ಒಂದು ಸಾವಾದರೆ ಸುದ್ದಿಯಲ್ಲಿ ಬರುವುದು ಊರಿನ ಹೆಸರು. ಹುಡುಕಾಟಕ್ಕೆ ಜಡಿಮಳೆಯಲ್ಲಿ ನೀರಿಗೆ ಇಳಿಯಬೇಕಾದವರು ಅಗ್ನಿಶಾಮಕ ಸಿಬ್ಬಂದಿ ಮತ್ತು ಈಜು ಬಲ್ಲ ಊರಿನ ಹುಡುಗರು.

‘ಇಲ್ಲ’ ಎನ್ನುವುದರ ಜತೆಗೆ ಬೇರೆ ಜಾಗ ಹೇಳಿದರೆ ಗಿರಾಕಿಯೂ ಉಳಿಯುತ್ತಾರೆ. ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಕಡಲು ನೋಡಬಹುದು. ಕೊಲ್ಲೂರು ದೇವಸ್ಥಾನ ಇದ್ದೇ ಇದೆ. ಮರವಂತೆಯಲ್ಲಿ ದಡದ ಮೇಲಿನಿಂದಲೇ ಹೊಳೆ–ಕಡಲು ಎರಡೂ ಕಾಣುತ್ತವೆ. ಮಳೆಗಾಲದ ಕಡಲಿಗೆ ಇಳಿಯಬೇಡಿ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಅರಿಶಿನಗುಂಡಿಗೇ ಹೋಗಬೇಕು ಎನ್ನುವವರಿಗೆ, ಮಳೆ ನಿಂತ ಮೇಲೆ ನವೆಂಬರ್‌ನಿಂದ ಜನವರಿಯೊಳಗೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡು ಬನ್ನಿ ಎನ್ನಬಹುದು. ಆಗಲೂ ಜಲಪಾತದಲ್ಲಿ ನೀರು ಇರುತ್ತದೆ, ದಾರಿಯೂ ಕಾಣುತ್ತದೆ.

ಹೊಳೆ ಬದಿಯಲ್ಲಿ ಇರುವಾಗ ಗಮನಿಸಬೇಕಾದ್ದು

* ತಿಳಿ ನೀರು ಕೆಂಪಾಗುವುದು, ಎಲೆ, ಕಡ್ಡಿ ತೇಲಿ ಬರುವುದು, ಸದ್ದು ಜೋರಾಗುವುದು, ಮೊದಲು ಕಾಣುತ್ತಿದ್ದ ಕಲ್ಲು ಮುಳುಗುವುದು – ಇವುಗಳಲ್ಲಿ ಒಂದು ಕಂಡರೂ ತಕ್ಷಣ ಎತ್ತರಕ್ಕೆ ಹೋಗಬೇಕು. ಚೀಲ, ಚಪ್ಪಲಿ ಎತ್ತಿಕೊಳ್ಳಲು ಹಿಂದೆ ಹೋಗಬಾರದು.

* ನೀರು ಏರಿದಾಗ ಹೊಳೆಯ ಆಚೆ ಬದಿಯಲ್ಲಿ ಸಿಕ್ಕಿಕೊಂಡರೆ ದಾಟಿ ಬರಲು ಹೋಗಬೇಡಿ. ಅಲ್ಲೇ ಎತ್ತರದ ಜಾಗದಲ್ಲಿ ಕಾಯಿರಿ. ಮೇಲಿನ ಮಳೆ ನಿಂತರೆ ಇಂಥ ಹೊಳೆ ಇಳಿಯುತ್ತದೆ.

* ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಉದ್ದದ ಕೋಲು, ಪಂಚೆ, ದುಪಟ್ಟಾ ಏನಿದೆಯೋ ಅದನ್ನು ದಡದಿಂದಲೇ ಚಾಚಿ.

* ಮಕ್ಕಳನ್ನು ಬಂಡೆಯ ಅಂಚಿಗೆ ಬಿಡಬೇಡಿ. ಕುಡಿದು ನೀರಿಗೆ ಇಳಿಯಬೇಡಿ.

* ತುರ್ತು ಕರೆಗೆ 112, ಅಗ್ನಿಶಾಮಕಕ್ಕೆ 101. ಕೊನೆಯದಾಗಿ ಕಂಡ ಜಾಗ ಯಾವುದು, ಎಷ್ಟು ಹೊತ್ತಾಯಿತು ಎಂಬುದನ್ನು ಕರೆ ಮಾಡಿದವರು ಮೊದಲು ಹೇಳಬೇಕು.