ವೈರಸ್ಸಿನ ಬೆನ್ನಿಗೆ ಬಂದ ಬೂಷ್ಟು

2021ರ ಮೇ ತಿಂಗಳು. ಕೊರೊನಾ ವಾಸಿಯಾಯಿತೆಂದು ಮನೆಗೆ ಬಂದವರಲ್ಲಿ ಕೆಲವರಿಗೆ ಮುಖದ ಒಂದೇ ಬದಿ ಜೋಮು ಹಿಡಿಯಿತು, ಕಣ್ಣು ಊದಿತು, ಮೂಗಿನಿಂದ ಕಪ್ಪಾಗಿ ಸೋರತೊಡಗಿತು. ಅತಿ ಹೆಚ್ಚು ಪ್ರಕರಣ ಕಂಡ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಅಲ್ಲಿನ ಗಡಿಸೀಮೆಯ ಮುರುಮ, ಉಮರ್ಗಾ, ನಿಲಂಗಾ, ಉದಗೀರದವರಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಲಾತೂರು, ಸೊಲ್ಲಾಪುರ, ಇಲ್ಲವೇ ಗಡಿ ದಾಟಿ ಕಲಬುರಗಿ, ಬೀದರ್. ಒಂದೆರಡು ದಿನ ತಡವಾದರೂ ಕಣ್ಣು ಹೋಗಬಹುದಾದ ಕಾಯಿಲೆ ಇದು.

ಇದರ ಹೆಸರು ಮ್ಯೂಕರ್‌ಮೈಕೋಸಿಸ್. ಇದನ್ನು ತರುವ ಬೂಷ್ಟುಗಳಲ್ಲಿ, ಅಂದರೆ ಶಿಲೀಂಧ್ರಗಳಲ್ಲಿ, ಮುಖ್ಯವಾದದ್ದು ರೈಜೋಪಸ್. ಮಣ್ಣು, ಸಗಣಿ, ಕೊಳೆತ ಎಲೆ, ಹಳೆಯ ಬ್ರೆಡ್ಡು ಎಲ್ಲದರ ಮೇಲೂ ಬೆಳೆಯುತ್ತದೆ. ಅದರ ಬೀಜಕಗಳನ್ನು ನಾವೆಲ್ಲ ಉಸಿರಾಡುತ್ತಲೇ ಇರುತ್ತೇವೆ; ಬಿಳಿ ರಕ್ತಕಣಗಳು ಅವನ್ನು ಮುಗಿಸಿಬಿಡುತ್ತವೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಲೆಕ್ಕ ತಿರುಗುತ್ತದೆ. ಬಿಳಿ ಕಣಗಳು ಮಂದವಾಗುತ್ತವೆ. ರಕ್ತದಲ್ಲಿ ಆಮ್ಲ ಏರಿ, ಪ್ರೋಟೀನು ಹಿಡಿದಿಟ್ಟ ಕಬ್ಬಿಣ ಸಡಿಲವಾಗುತ್ತದೆ. ಈ ಬೂಷ್ಟಿಗೆ ಬೇಕಾದದ್ದೇ ಕಬ್ಬಿಣ. ಸಾಲದ್ದಕ್ಕೆ, ರಕ್ತನಾಳದ ಒಳಗೋಡೆಯಲ್ಲಿ ಅದು ಹಿಡಿದು ನುಗ್ಗುವ ಜಿಆರ್‌ಪಿ78 ಎಂಬ ಪ್ರೋಟೀನೂ ಹೆಚ್ಚುತ್ತದೆ. ಎಳೆಗಳು ನಾಳದೊಳಗೆ ಹೊಕ್ಕು ರಕ್ತ ಹೆಪ್ಪುಗಟ್ಟಿಸುತ್ತವೆ, ಮುಂದಿನ ಮಾಂಸ ಸತ್ತು ಕಪ್ಪಾಗುತ್ತದೆ. ರಕ್ತವೇ ಹರಿಯದ ಕಡೆಗೆ ಔಷಧಿ ಹೇಗೆ ತಲುಪೀತು? ಅದಕ್ಕೇ ಶಸ್ತ್ರವೈದ್ಯರು ಸತ್ತ ಭಾಗವನ್ನು, ಕೆಲವೊಮ್ಮೆ ದವಡೆಯನ್ನೋ ಕಣ್ಣನ್ನೋ, ತೆಗೆಯಬೇಕಾಯಿತು.

ಇದರಲ್ಲಿ, ರಕ್ತದ ಸಕ್ಕರೆ ಏರಿಸುವ ಸ್ಟಿರಾಯ್ಡ್ ಪಾತ್ರವೂ ಇದೆ. ಆದರೆ ಅದನ್ನು ಖಳನಾಯಕ ಮಾಡುವುದು ಅನ್ಯಾಯ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿದಂತೆ, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ, ಹೆಚ್ಚೆಂದರೆ 10 ದಿನ ಕೊಟ್ಟಾಗ, ವೆಂಟಿಲೇಟರ್ ಮೇಲಿದ್ದವರ ಸಾವು ಮೂರನೇ ಒಂದರಷ್ಟು ತಗ್ಗಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. ನಮ್ಮಲ್ಲಿ ಅಂಥವರೂ ನುಂಗಿದರು, ಹೆಚ್ಚು ದಿನ ನುಂಗಿದರು. ಸಕ್ಕರೆ ಎಷ್ಟಕ್ಕೇರಿದೆ ಎಂದು ಬೆರಳು ಚುಚ್ಚಿ ನೋಡಿದವರು ಕಡಿಮೆ.

ಬೂಷ್ಟು ಕಣ್ಣಿಗೆ ಬಿದ್ದದ್ದರಿಂದ ಸುದ್ದಿಯಾಯಿತು. ಐಸಿಯುದಲ್ಲಿ ಬ್ಯಾಕ್ಟೀರಿಯಾಗಳು ಸದ್ದಿಲ್ಲದೆ ಕೊಂದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹತ್ತು ಆಸ್ಪತ್ರೆಗಳ 17,534 ಕೊರೊನಾ ರೋಗಿಗಳನ್ನು ಗಮನಿಸಿತು. ಎರಡನೆಯ ಸೋಂಕು ತಗುಲಿದ್ದು ಶೇಕಡಾ 3.6 ಮಂದಿಗೆ ಮಾತ್ರ. ಆದರೆ ಅವರಲ್ಲಿ ಸತ್ತವರು ಶೇಕಡಾ 56.7. ಒಟ್ಟಾರೆ ಸಾವಿನ ಪ್ರಮಾಣ ಶೇಕಡಾ 10.6 ಇತ್ತು. ಈ ಸೋಂಕುಗಳಲ್ಲಿ ಮುಂದಿದ್ದವು ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು. ಗಂಟಲಿಗಿಳಿಸಿದ ಕೊಳವೆ, ರಕ್ತನಾಳದ ಕ್ಯಾಥೆಟರುಗಳೇ ಇಂಥವುಗಳ ದಾರಿ, ಎಷ್ಟೋ ಆಂಟಿಬಯಾಟಿಕ್ಕಿಗೆ ಅವು ಬಗ್ಗುವುದಿಲ್ಲ. ವೈರಸ್ಸಿನ ಮೇಲೆ ಕೆಲಸವೇ ಮಾಡದ ಅಜಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರ ಮನೆಮನೆಯಲ್ಲಿ ಖರ್ಚಾಯಿತು.

ಬೂಷ್ಟಿನ ಮದ್ದು ಆಂಫೊಟೆರಿಸಿನ್-ಬಿ ಬಂದದ್ದೂ ಮಣ್ಣಿನಿಂದಲೇ: 1950ರ ದಶಕದಲ್ಲಿ, ವೆನಿಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ. ಅದು ಶಿಲೀಂಧ್ರದ ಜೀವಕೋಶದ ಪೊರೆಯನ್ನು ತೂತು ಮಾಡುತ್ತದೆ. ಮೂತ್ರಪಿಂಡಕ್ಕೂ ಪೆಟ್ಟು ಕೊಡುವುದರಿಂದ, ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಲೈಪೋಸೋಮಲ್ ರೂಪವೇ ಮೇಲು. 2021ರ ಆ ಬೇಸಿಗೆಯಲ್ಲಿ ಅಭಾವವಾದದ್ದು ಅದೇ.