ಮನೆ ರಿಪೇರಿಯ ಜೊತೆಗೆ ಕೊಟ್ಟಿಗೆ ರಿಪೇರಿ: ಖರ್ಚು ಮಾಡುವ ಮುನ್ನ

ಸುಗ್ಗಿ ಮುಗಿದು ಮುಂಗಾರು ಹಿಡಿಯುವುದರೊಳಗೆ ನಮ್ಮ ಹಳ್ಳಿಗಳಲ್ಲಿ ಮನೆ ರಿಪೇರಿ ಕೆಲಸಗಳು ಭರದಿಂದ ನಡೆಯುತ್ತವೆ. ಹಳೆಯ ಹೆಂಚು ಇಳಿಸಿ ಶೀಟು ಹೊದಿಸುವುದು, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸುವುದು, ನೆಲಕ್ಕೆ ಟೈಲ್ಸ್ ಹಾಕಿಸುವುದು ಸಾಮಾನ್ಯ. ಮೇಸ್ತ್ರಿ ಹೇಗೂ ಬಂದಿರುತ್ತಾನೆ, ಮರಳು ಸಿಮೆಂಟು ಅಂಗಳದಲ್ಲೇ ಬಿದ್ದಿರುತ್ತದೆ. "ಹಾಗೆಯೇ ಕೊಟ್ಟಿಗೆಯನ್ನೂ ಮುಗಿಸಿಬಿಡೋಣ" ಎಂದು ಯಜಮಾನರು ತೀರ್ಮಾನಿಸುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಮನೆ ಕಟ್ಟುವ ಮೇಸ್ತ್ರಿಗೆ ಮನುಷ್ಯರ ವಾಸ ಗೊತ್ತು, ಹಸುವಿನ ವಾಸ ಗೊತ್ತಿರುವುದಿಲ್ಲ. ನಡುಮನೆಗೆ ಒಪ್ಪುವ ಕೆಲಸವನ್ನೇ ಕೊಟ್ಟಿಗೆಗೂ ಮಾಡಿಸಿದರೆ ಖರ್ಚಾದ ಹಣದ ಜೊತೆಗೆ ಹಾಲು ಕೊಡುವ ರಾಸನ್ನೂ ಕಳೆದುಕೊಳ್ಳಬೇಕಾಗಬಹುದು.

ಮೊದಲು ನೋಡಬೇಕಾದದ್ದು ಮಟ್ಟ. ಈಗ ಮನೆ ರಿಪೇರಿ ಎಂದರೆ ಒಂದೂವರೆ ಎರಡು ಅಡಿ ಮಣ್ಣು ತುಂಬಿಸಿ ನೆಲ ಎತ್ತರಿಸುವುದು ರೂಢಿಯಾಗಿದೆ. ಮನೆ ಎತ್ತರವಾಗುತ್ತದೆ, ಅಂಗಳ ಎತ್ತರವಾಗುತ್ತದೆ, ಕೊಟ್ಟಿಗೆ ಮಾತ್ರ ಹಳ್ಳದಲ್ಲಿ ಉಳಿಯುತ್ತದೆ. ಮೊದಲ ಮಳೆಗೆ ಅಂಗಳದ ನೀರೆಲ್ಲ ಹಸುವಿನ ಕಾಲಡಿಗೆ ಬರುತ್ತದೆ. ಆಮೇಲೆ ಕೊಟ್ಟಿಗೆಯನ್ನು ಎತ್ತರಿಸಲು ಹೊರಟರೆ ಸೂರು ತಲೆಗೆ ತಗಲುತ್ತದೆ. ಸೂರು ಎತ್ತಿಸಬೇಕಾದರೆ ಇನ್ನೊಂದು ಖರ್ಚು. ಆದ್ದರಿಂದ ಮನೆಯ ನೆಲಕ್ಕೆ ಮಣ್ಣು ತುಂಬಿಸುವ ಮೊದಲೇ ಗಂಜಲ ಎಲ್ಲಿಗೆ ಹರಿಯಬೇಕು, ಅಂಗಳದ ಮಳೆನೀರು ಯಾವ ಕಡೆ ಹೋಗಬೇಕು ಎಂಬುದನ್ನು ದಾರ ಕಟ್ಟಿ ಮಟ್ಟ ನೋಡಿ ನಿರ್ಧರಿಸಿರಿ. ಕೊಟ್ಟಿಗೆಯ ನೆಲ ಅಕ್ಕಪಕ್ಕದ ಜಾಗಕ್ಕಿಂತ ಎತ್ತರವಾಗಿಯೇ ಇರಬೇಕು.

ಎರಡನೆಯದು ನೆಲ. ಹೆಚ್ಚು ಹಣ ದಂಡವಾಗುವುದೂ ಹೆಚ್ಚು ಹಸುಗಳು ಕೆಡುವುದೂ ಇಲ್ಲಿಯೇ. ಮನೆಗೆ ತಂದು ಉಳಿದ ಟೈಲ್ಸನ್ನು ಕೊಟ್ಟಿಗೆಗೆ ಹಾಕಿಸಿದವರನ್ನು, ಸಿಮೆಂಟ್ ನೆಲವನ್ನು ಕನ್ನಡಿಯಂತೆ ನುಣುಪು ಮಾಡಿಸಿದವರನ್ನು ಪ್ರತಿ ಬೇಸಿಗೆಯಲ್ಲೂ ಕಾಣುತ್ತೇವೆ. ತೊಳೆಯಲು ಸುಲಭವೆಂಬುದು ಅವರ ವಾದ. ಆದರೆ ನಾನೂರು ಕಿಲೋ ತೂಗುವ ಮಿಶ್ರತಳಿ ಹಸು ಮುಂದಿನ ಮಂಡಿಗಳ ಮೇಲೆ ಭಾರ ಹಾಕಿ ಹಿಂಗಾಲು ಊರಿ ಏಳುವ ಪ್ರಾಣಿ. ಸಗಣಿ ಗಂಜಲ ಬಿದ್ದ ನುಣುಪು ನೆಲದಲ್ಲಿ ಗೊರಸಿಗೆ ಹಿಡಿತ ಸಿಗುವುದಿಲ್ಲ. ಕರು ಹಾಕಿದ ಹೊಸದರಲ್ಲಂತೂ ಹಸುವಿನ ಸೊಂಟ ಸಡಿಲವಾಗಿರುತ್ತದೆ, ಕೆಲವಕ್ಕೆ ಸುಣ್ಣದ ಅಂಶ ಕಡಿಮೆಯಾಗಿ ನಿಲ್ಲುವ ಶಕ್ತಿಯೂ ಕುಗ್ಗಿರುತ್ತದೆ. ಅಂಥ ಹಸು ಜಾರಿ ಎರಡೂ ಹಿಂಗಾಲು ಪಕ್ಕಕ್ಕೆ ಸೀಳಿಕೊಂಡು ಬಿದ್ದರೆ ಮತ್ತೆ ಎಬ್ಬಿಸುವುದು ಕಷ್ಟ. ಎರಡನೆಯ ಸೂಲಿನ ಒಳ್ಳೆಯ ಎಚ್.ಎಫ್. ಹಸುವೊಂದು ಕರು ಹಾಕಿದ ಮೂರನೆಯ ದಿನ ಹೊಸ ಟೈಲ್ಸ್ ನೆಲದ ಮೇಲೆ ಹೀಗೆಯೇ ಬಿದ್ದದ್ದನ್ನು ನೋಡಿದ್ದೇನೆ. ಸುಣ್ಣದ ಬಾಟಲಿ ಹಾಕಿದರೂ, ಆಳುಗಳು ಸೇರಿ ಎತ್ತಿದರೂ ಅದು ಏಳಲಿಲ್ಲ.

ಸಿಮೆಂಟ್ ಕಾಂಕ್ರೀಟ್ ನೆಲವೇ ಸಾಕು, ಆದರೆ ಒರಟಾಗಿರಬೇಕು. ಹಸಿ ಇರುವಾಗಲೇ ಸುಮಾರು ನಾಲ್ಕು ಅಂಗುಲಕ್ಕೊಂದರಂತೆ, ಕಿರುಬೆರಳಿನ ಗಾತ್ರದ ಗೀರುಗಳನ್ನು ಚರಂಡಿಯ ಕಡೆಗೆ ಹರಿಯುವಂತೆ ಎಳೆಸಿರಿ. ಮೇಸ್ತ್ರಿ ಒಪ್ಪದಿದ್ದರೆ ಒಂದು ಕಬ್ಬಿಣದ ಸಲಾಕೆ ಹಿಡಿದು ನೀವೇ ಎಳೆಯಬಹುದು. ತೀರಾ ಚೂಪಾದ ಒರಟೂ ಬೇಡ. ಗೊರಸು ಸವೆದು ಕುಂಟುತ್ತದೆ. ಈಗಾಗಲೇ ನುಣುಪು ನೆಲ ಮಾಡಿಸಿದವರು ಉಳಿಯಿಂದ ಗೀರು ಹೊಡೆಸಬಹುದು ಅಥವಾ ರಬ್ಬರ್ ಹಾಸು ಹಾಕಬಹುದು. ಹಾಸು ಹಾಕಿದ ಮೇಲೆ ವಾರಕ್ಕೊಮ್ಮೆಯಾದರೂ ಅದನ್ನು ಎತ್ತಿ ಅಡಿಯನ್ನು ತೊಳೆಯದಿದ್ದರೆ ಅಲ್ಲಿ ನಿಂತ ಗಂಜಲವೇ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಟೈಲ್ಸ್ ಉಳಿದಿದ್ದರೆ ಗೋದಲಿಯ ಒಳಮೈಗೆ ಹಾಕಿಸಿರಿ. ಅದು ಮಾತ್ರ ಸರಿಯಾದ ಜಾಗ. ರಸಮೇವಿನ ಹುಳಿಗೆ ಗೋದಲಿಯ ಸಿಮೆಂಟ್ ಸವೆಯುತ್ತದೆ, ಟೈಲ್ಸ್ ಸವೆಯುವುದಿಲ್ಲ. ಗೋದಲಿಯ ತಳ ಹಸು ನಿಲ್ಲುವ ನೆಲಕ್ಕಿಂತ ನಾಲ್ಕರಿಂದ ಆರು ಅಂಗುಲ ಎತ್ತರವಿದ್ದರೆ ಸಾಕು, ಮೂಲೆಗಳು ದುಂಡಗಿರಲಿ.

ಇಳಿಜಾರಿನಲ್ಲಿಯೂ ಅತಿ ಮಾಡಬಾರದು. ಹಸು ನಿಲ್ಲುವ ಐದೂವರೆ ಅಡಿ ಉದ್ದಕ್ಕೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರು ಸಾಕು. ಇನ್ನೂ ಹೆಚ್ಚಾದರೆ ಗಬ್ಬದ ಕೊನೆಯ ತಿಂಗಳಲ್ಲಿ ಯೋನಿಭಾಗ ಹೊರಬರುವ ತೊಂದರೆಗೆ ದಾರಿಯಾಗುತ್ತದೆ.

ಐದೂವರೆ ಅಡಿ ಎಂದೆ. ನಾಟಿ ರಾಸುಗಳಿಗೆಂದು ಅಜ್ಜನ ಕಾಲದಲ್ಲಿ ಕಟ್ಟಿದ ಕೊಟ್ಟಿಗೆಯಲ್ಲಿ ಈ ಅಳತೆ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಕಡೆ ದೊಡ್ಡ ಮಿಶ್ರತಳಿ ಹಸುವನ್ನು ಕಟ್ಟಿದರೆ ಹಿಂಗಾಲು ಸದಾ ಚರಂಡಿಯಲ್ಲಿ ನೆನೆಯುತ್ತದೆ, ಮಲಗಿದರೆ ಕೆಚ್ಚಲು ಚರಂಡಿಯ ಅಂಚಿಗೆ ಬರುತ್ತದೆ. ಪ್ರತಿ ತಿಂಗಳೂ ಕೆಚ್ಚಲು ಬಾವೆಂದು ಔಷಧಿ ಹಾಕಿಸುವ ಕೆಲವರ ಮನೆಯಲ್ಲಿ ನಿಜವಾದ ಕಾರಣ ಈ ಒಂದು ಅಡಿಯ ಕೊರತೆ. ಔಷಧಿ ಕೊಟ್ಟ ದಿನಗಳ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲವಾದ್ದರಿಂದ ನಷ್ಟ ಎರಡು ಕಡೆ. ರಿಪೇರಿಗೆ ಕೈ ಹಾಕಿದಾಗಲೇ ಗೋದಲಿಯನ್ನು ಹಿಂದಕ್ಕೆ ಸರಿಸಿ ಉದ್ದ ಹೊಂದಿಸಿಕೊಳ್ಳಿರಿ. ಅಗಲ ಹಸುವೊಂದಕ್ಕೆ ನಾಲ್ಕು ಅಡಿ ಇರಲಿ. ಚರಂಡಿ ಒಂದು ಅಡಿ ಅಗಲ, ಆಳ ಕಡಿಮೆ. ಕಿರಿದಾದ ಆಳದ ಚರಂಡಿಯಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ.

ಸೂರಿನ ವಿಚಾರ. ಹೆಂಚು ಇಳಿಸಿ ಅದೇ ಗಿಡ್ಡ ಗೋಡೆಯ ಮೇಲೆ ಶೀಟು ಹೊದಿಸಿ, "ಕಳ್ಳರ ಕಾಟ, ಸೊಳ್ಳೆ ಕಾಟ" ಎಂದು ಕಿಟಕಿಗಳನ್ನೂ ಮುಚ್ಚಿಸಿದರೆ ಕೊಟ್ಟಿಗೆ ಒಲೆಯಾಗುತ್ತದೆ. ಎಚ್.ಎಫ್. ತಳಿಗೆ ಶಾಖ 25-26 ಡಿಗ್ರಿ ದಾಟಿದರೆ ಹಿತವಿಲ್ಲ. ಏದುಸಿರು ಬಿಡುತ್ತ ಮೇವು ಬಿಡುತ್ತದೆ, ಬೆದೆಯೂ ಸರಿಯಾಗಿ ಕಾಣುವುದಿಲ್ಲ. ಹೆಂಚು ಚೆನ್ನಾಗಿದ್ದರೆ ಉಳಿಸಿಕೊಳ್ಳುವುದೇ ಲಾಭ. ಶೀಟೇ ಹಾಕಿಸುವುದಾದರೆ ಸೂರಿನಂಚು ಏಳೆಂಟು ಅಡಿ ಎತ್ತರದಲ್ಲಿರಲಿ, ಗೋಡೆಯನ್ನು ಅರ್ಧಕ್ಕೆ ನಿಲ್ಲಿಸಿ ಮೇಲೆ ಜಾಲರಿ ಹಾಕಿಸಿರಿ. ಶೀಟಿನ ಮೇಲೆ ಬಿಳಿ ಸುಣ್ಣ ಬಳಿದರೂ ಶಾಖ ತಗ್ಗುತ್ತದೆ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಒಡೆಯುವಾಗ ಏಳುವ ಧೂಳು ನಿಮ್ಮ ಶ್ವಾಸಕೋಶಕ್ಕೆ ಅಪಾಯಕಾರಿ. ನೀರು ಚಿಮುಕಿಸಿ, ಒಡೆಯದೆ ಇಳಿಸಿರಿ.

ವಿದ್ಯುತ್ ವೈರಿಂಗ್‌ನಲ್ಲಿ ಉಳಿತಾಯ ಬೇಡ. ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತ ಹಸುವಿಗೆ, ಮನುಷ್ಯರಿಗೆ ಜುಮ್ಮೆನ್ನುವಷ್ಟು ವಿದ್ಯುತ್ತೇ ಪ್ರಾಣಾಂತಿಕವಾಗಬಲ್ಲದು. ಕಬ್ಬಿಣದ ಕಂಬಕ್ಕೆ ತಂತಿ ಸುತ್ತಿ ಬಲ್ಬು ಕಟ್ಟುವುದನ್ನು ಬಿಟ್ಟು, ಪೈಪಿನೊಳಗೆ ತಂತಿ ಎಳೆಸಿ ಅರ್ಥಿಂಗ್ ಮಾಡಿಸಿರಿ. ಹಾಲು ಕರೆಯುವ ಯಂತ್ರ ಅಥವಾ ಮೇವು ಕತ್ತರಿಸುವ ಯಂತ್ರವಿದ್ದವರು ವಿದ್ಯುತ್ ಸೋರಿದೊಡನೆ ಕಡಿತಗೊಳಿಸುವ ಸ್ವಿಚ್ಚನ್ನೂ ಹಾಕಿಸಬೇಕು.

ಇನ್ನು ಕೆಲಸ ಮುಗಿದ ಮೇಲೆ ಉಳಿಯುವ ಕಸ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಬಿ ಕಟ್ಟಿದ ತಂತಿಯ ತುಂಡು, ಹಳೆಯ ಬಾಗಿಲಿನ ಮೊಳೆ ಅಂಗಳದಲ್ಲಿ ಚೆಲ್ಲಿರುತ್ತವೆ. ಅದೇ ಅಂಗಳದಲ್ಲಿ ಹುಲ್ಲು ರಾಶಿ ಹಾಕುತ್ತೇವೆ. ಹಸು ನಾಲಿಗೆಯಿಂದ ಸುತ್ತಿ ಎಳೆದು ಅಗಿಯದೆ ನುಂಗುವ ಪ್ರಾಣಿ, ಕಬ್ಬಿಣವನ್ನು ಉಗುಳುವುದಿಲ್ಲ. ನುಂಗಿದ ತಂತಿ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ಒಂದು ತೆಳು ಪರದೆಯಾಚೆ ಹೃದಯವಿದೆ. ತಿಂಗಳುಗಳ ನಂತರ, ಎಷ್ಟೋ ಸಲ ಕರು ಹಾಕುವಾಗ ಮುಕ್ಕಿದ ರಭಸಕ್ಕೆ, ತಂತಿ ಮುಂದಕ್ಕೆ ಚುಚ್ಚುತ್ತದೆ. ಹಾಲು ಒಮ್ಮೆಲೇ ಇಳಿಯುವುದು, ಮುಂಗಾಲಿನ ಮೊಣಕೈ ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿದು ನರಳುವುದು ಮೊದಲ ಲಕ್ಷಣಗಳು. ಗಂಗೆದೊಗಲಿನಲ್ಲಿ ನೀರು ತುಂಬಿ ಊದಿಕೊಂಡ ಮೇಲೆ ಹಸು ಉಳಿಯುವುದು ಬಹಳ ಅಪರೂಪ. ಹಾಳಾದ ಧ್ವನಿವರ್ಧಕದಿಂದ ತೆಗೆದ ಆಯಸ್ಕಾಂತವನ್ನು ಕೋಲಿಗೆ ಕಟ್ಟಿ ಅಂಗಳವನ್ನೂ ಕೊಟ್ಟಿಗೆಯನ್ನೂ ಎರಡು ಮೂರು ಸಲ ಗುಡಿಸಿದಂತೆ ಎಳೆಯಿರಿ. ಎಷ್ಟು ಕಬ್ಬಿಣ ಸಿಗುತ್ತದೆಂದು ನೋಡಿ ನಿಮಗೇ ಆಶ್ಚರ್ಯವಾಗುವುದು. ಹಳೆಯ ಬಾಗಿಲಿನಿಂದ ಕೆರೆದ ಬಣ್ಣದ ಚೂರು, ಬಣ್ಣದ ಡಬ್ಬಿ, ಹಳೆಯ ಬ್ಯಾಟರಿಗಳನ್ನೂ ದೂರ ಹಾಕಬೇಕು. ಅವುಗಳಲ್ಲಿ ಸೀಸದ ವಿಷವಿರುವುದರಿಂದ ನೆಕ್ಕಿದ ಕರುಗಳು ಕುರುಡಾಗಿ, ಗೋಡೆಗೆ ತಲೆ ಒತ್ತಿ ಸಾಯುತ್ತವೆ.

ಕೆಲಸ ನಡೆಯುವಷ್ಟು ದಿನ ರಾಸುಗಳನ್ನು ಮರದ ನೆರಳಿನಲ್ಲಿಯೋ ಚಪ್ಪರ ಹಾಕಿಯೋ ಬೇರೆಡೆ ಕಟ್ಟಿರಿ. ಜಾಗ ಬದಲಾದಾಗ ಹಾಲು ಸ್ವಲ್ಪ ಕಡಿಮೆಯಾಗುವುದುಂಟು, ಗಾಬರಿ ಬೇಡ. ದಿನ ತುಂಬಿದ ಹಸುವಿದ್ದರೆ ಕರು ಹಾಕಿ ಚೇತರಿಸಿಕೊಂಡ ಮೇಲೆ ಕೆಲಸ ಹಿಡಿಯುವುದು ಮೇಲು. ಪಂಚಾಯ್ತಿ ಅಥವಾ ಇಲಾಖೆಯ ಸಹಾಯಧನ ಪಡೆಯುವ ಇರಾದೆಯಿದ್ದವರು ಮಂಜೂರಾತಿ ಕೈಗೆ ಬರುವ ಮೊದಲು ಕೆಲಸ ಆರಂಭಿಸಬೇಡಿರಿ. ಹೊಸ ಕಾಂಕ್ರೀಟ್ ನೆಲಕ್ಕೆ ಕನಿಷ್ಠ ಹತ್ತು ದಿನ ನೀರುಣಿಸಿ, ತಿಂಗಳು ತುಂಬಿದ ಮೇಲೆ ಚೆನ್ನಾಗಿ ತೊಳೆದು, ಮೊದಲ ವಾರ ಒಣ ಹುಲ್ಲನ್ನೋ ತರಗನ್ನೋ ದಪ್ಪವಾಗಿ ಹಾಸಿ ಹಸುಗಳನ್ನು ಒಳಗೆ ಕಟ್ಟಿರಿ.